ಸ್ವಾಗತಕ್ಕೆ ನಿಂತ ಮುಖ

‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆ ಕಟ್ಟಿದವನು ಯಾರೋ ಗೊತ್ತಿಲ್ಲ, ಆದರೆ ಅವನ ಮುಖ ಲಕ್ಷಣವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನಂಥ ಮುಖದವನು ಅಂಥ ಗಾದೆಗೆ ಕೈ ಹಾಕುತ್ತಿರಲಿಲ್ಲ. ಹಾಗಂತ ನಾನೇನೂ ಕುರೂಪಿಯಲ್ಲ. ಮೂಗು ಮೂಗಿನ ಜಾಗದಲ್ಲೇ ಇದೆ, ಕಿವಿಗಳು ಒಂದಕ್ಕೊಂದು ಸಮವಾಗಿವೆ. ತೊಂದರೆ ಏನೆಂದರೆ, ನನ್ನ ಮುಖ ಸದಾ ಈಗಷ್ಟೇ ಯಾರನ್ನೋ ಮಣ್ಣು ಮಾಡಿ ಬಂದವನ ಮುಖದಂತೆ ಕಾಣುತ್ತದೆ. ಹುಬ್ಬುಗಳು ನಡುವೆ ಎದ್ದು ಎರಡೂ ಕಡೆ ಇಳಿದಿವೆ. ಹುಬ್ಬು ಇಳಿಯಿತಲ್ಲ ಎಂದು ಕೆನ್ನೆಗಳೂ ಇಳಿದಿವೆ. ತುಟಿಯ ತುದಿಗಳು ಕೆನ್ನೆಗಳನ್ನು ನಂಬಿಕೊಂಡು ಇನ್ನೂ ಕೆಳಗೆ ಹೋಗಿವೆ. ನಾನು ಎಷ್ಟೇ ಖುಷಿಯಲ್ಲಿರಲಿ, ಆ ಸುದ್ದಿ ಮುಖದವರೆಗೆ ತಲುಪುವುದೇ ಇಲ್ಲ. ಒಳಗೆ ಮದುವೆ ಮನೆ, ಹೊರಗೆ ಸಾವಿನ ಮನೆ. ಯಾರದಾದರೂ ಮದುವೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರೆ, ಹೆಣ್ಣಿನ ಕಡೆಯವರು ಬಂದು ‘ಏನಾದ್ರೂ ಕಮ್ಮಿ ಆಯ್ತಾ?’ ಎಂದು ಕೇಳುತ್ತಾರೆ. ನಾನು ಏನೂ ಇಲ್ಲ ಎನ್ನುತ್ತೇನೆ. ಅವರು ನಂಬುವುದಿಲ್ಲ, ಇನ್ನೆರಡು ಲಾಡು ತಂದು ಕೊಡುತ್ತಾರೆ. ಈ ಮುಖದಿಂದ ನನಗೆ ಆಗಿರುವ ಲಾಭ ಅದೊಂದೇ ಎಂದು ಇತ್ತೀಚಿನವರೆಗೂ ತಿಳಿದಿದ್ದೆ.

ಇದು ಪಿತ್ರಾರ್ಜಿತ. ನಮ್ಮಪ್ಪ ಬಿಟ್ಟುಹೋದ ಆಸ್ತಿ ಈ ಮುಖವೇ. ಪಾಲು ಕೇಳಲು ತಮ್ಮಂದಿರು ಬರಲಿಲ್ಲ, ಖಾತೆ ಮಾಡಿಸಿಕೊಳ್ಳಲು ನಾನು ತಾಲ್ಲೂಕು ಕಚೇರಿಗೆ ಅಲೆಯಬೇಕಾಗಲೂ ಇಲ್ಲ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಅವರು ಟಿಕೆಟ್ ಹರಿದು ಕೊಟ್ಟರೆ ಪ್ರಯಾಣಿಕರು ‘ಯಾಕ್ರೀ, ಮುಂದೆ ರೋಡಲ್ಲಿ ಏನಾದ್ರೂ ಆಗೈತಾ?’ ಎಂದು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರಂತೆ. ನನ್ನ ಮದುವೆಯಲ್ಲಿ ಆಗಿನ ಸಭಾಪಾಲಕರು ‘ಈಕೆಯನ್ನು ಸ್ವಂತ ಇಚ್ಛೆಯಿಂದ ಸ್ವೀಕರಿಸುತ್ತೀಯಾ?’ ಎಂದು ಪದ್ಧತಿಯಂತೆ ಕೇಳಿದರು. ನಾನು ಹೌದು ಎಂದೆ. ಅವರು ನನ್ನ ಮುಖ ನೋಡಿದರು. ಪದ್ಧತಿಯಲ್ಲಿ ಇಲ್ಲದಿದ್ದರೂ ಇನ್ನೊಂದು ಸಲ ಕೇಳಿದರು. ಸುಗುಣ, ಎಂದರೆ ನನ್ನ ಹೆಂಡತಿ, ಆ ಎರಡನೆಯ ಪ್ರಶ್ನೆಯನ್ನು ಇವತ್ತಿಗೂ ಮರೆತಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನಾನು ಬಾಯಿ ತೆರೆದರೆ ಸಾಕು, ‘ಅಯ್ಯನವರು ಎರಡು ಸಲ ಕೇಳಿದ್ರಲ್ಲ, ಆವಾಗ ಹೇಳಬೇಕಿತ್ತು’ ಎನ್ನುತ್ತಾಳೆ.

ಇಂಥ ಮುಖ ಹೊತ್ತವನು ಎಲ್ಲಾದರೂ ಗೋದಾಮಿನಲ್ಲೋ ದಫ್ತರಖಾನೆಯಲ್ಲೋ ಕೆಲಸ ಹಿಡಿಯಬೇಕಿತ್ತು. ನಾನು ಹಿಡಿದದ್ದು ಶಿಕಾರಿಪುರದ ಒಂದು ಚಿಕ್ಕ ಲ್ಯಾಬಿನಲ್ಲಿ, ರಕ್ತ ಪರೀಕ್ಷೆಯ ಕೆಲಸ. ಸೂಜಿ ಚುಚ್ಚುವುದರಲ್ಲಿ ನನ್ನ ಕೈ ಹಗುರ ಎಂದು ಊರಿನಲ್ಲಿ ಹೆಸರಿದೆ. ಆದರೆ ರಿಪೋರ್ಟು ಹಿಡಿದು ಹೊರಗೆ ಬಂದರೆ ಕಷ್ಟ. ಒಮ್ಮೆ ಮಾರ್ಕೆಟ್ ಯಾರ್ಡಿಗೆ ಮೆಕ್ಕೆಜೋಳ ತಂದಿದ್ದ ಹಾಲಪ್ಪ ಎಂಬ ರೈತ, ಬಂದದ್ದು ಬಂದೆ ಎಂದು ಸಕ್ಕರೆ ಕಾಯಿಲೆ ಪರೀಕ್ಷೆಗೆ ರಕ್ತ ಕೊಟ್ಟು ಹೊರಗೆ ಕಾಯುತ್ತಿದ್ದ. ಎಲ್ಲ ಸರಿಯಾಗಿತ್ತು. ಒಳ್ಳೆಯ ಸುದ್ದಿ, ನಾನೇ ಹೇಳೋಣ ಎಂದು ಉತ್ಸಾಹದಿಂದ ಹೊರಗೆ ಬಂದೆ. ಹಾಲಪ್ಪ ನನ್ನ ಮುಖ ನೋಡಿದವನೇ ಬೆಂಚಿನ ಮೇಲೆ ಕುಸಿದು, ‘ಇನ್ನೆಷ್ಟು ದಿನ ಅಂತ ಹೇಳಿಬಿಡ್ರಿ ಸಾರ್, ಮಗಳ ಮದ್ವಿ ಒಂದು ಬಾಕಿ ಐತಿ’ ಎಂದ. ನಿನಗೇನೂ ಇಲ್ಲ ಮಾರಾಯಾ ಎಂದು ನಾನು ಅವನ ಭುಜ ಹಿಡಿದು ಹೇಳಿದಷ್ಟೂ, ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದು ಅವನು ಅಳತೊಡಗಿದ. ಡಾಕ್ಟರು ಬಂದು ನಕ್ಕು ಹೇಳಿದ ಮೇಲೆಯೇ ಅವನಿಗೆ ಜೀವ ಬಂದದ್ದು. ಆಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು, ‘ಪ್ರಭಾಕರ್, ನೀವು ರಕ್ತ ನೋಡ್ಕೊಳ್ರಿ. ಜನಾನ್ನ ಬೇರೆಯವರು ನೋಡ್ಕೊಳ್ಲಿ’ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಿಜ ಹೇಳಬೇಕೆಂದರೆ ನಾನು ಬಹಳ ಸಂತೋಷದ ಮನುಷ್ಯ. ಇದನ್ನು ಬರೆದೇ ತಿಳಿಸಬೇಕಾಗಿ ಬಂದಿರುವುದು ನನ್ನ ಕರ್ಮ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದು ಬೆಳಕು ನೋಡಿದರೆ, ಇವತ್ತೂ ಒಂದು ದಿನ ಕೊಟ್ಟೆಯಲ್ಲಪ್ಪಾ ಎಂದು ದೇವರಿಗೆ ಹೇಳದೆ ಹಲ್ಲುಜ್ಜುವವನಲ್ಲ ನಾನು. ಬಿಸಿ ಕಾಫಿಗೆ, ಸೀಟು ಸಿಕ್ಕ ಬಸ್ಸಿಗೆ, ಒಂದೇ ಸಲಕ್ಕೆ ಸಿಕ್ಕ ರಕ್ತನಾಳಕ್ಕೆ, ಎಲ್ಲಕ್ಕೂ ಸ್ತೋತ್ರ ಹೇಳುವುದು ನನಗೆ ಅಭ್ಯಾಸ. ಭಾನುವಾರ ಆರಾಧನೆಯಲ್ಲಿ ಹಾಡು ಎತ್ತಿದರೆ ನನ್ನೆದೆ ಕರುವಿನ ಹಾಗೆ ನೆಗೆಯುತ್ತದೆ. ಆದರೆ ಆ ಹೊತ್ತಿನಲ್ಲಿ ನನ್ನನ್ನು ನೋಡಿದವರು ಪಕ್ಕದವರಿಗೆ ‘ಪಾಪ’ ಎನ್ನುತ್ತಾರೆ. ನಮ್ಮ ಈಗಿನ ಪಾಸ್ಟರ್ ಹುಡುಗಪ್ರಾಯದವರು, ಉತ್ಸಾಹಿ. ಒಮ್ಮೆ ಅವರು ಸಂತೋಷದ ಮೇಲೆ ಪ್ರಸಂಗ ಮಾಡುತ್ತ, ‘ನಾವು ಬಾಯಿ ಬಿಟ್ಟು ಸುವಾರ್ತೆ ಹೇಳುವುದು ಆಮೇಲೆ. ನಮ್ಮ ಮುಖ ನೋಡಿದರೆ ಸಾಕು, ಇವರ ಮನೆಯಲ್ಲಿ ಏನೋ ಒಳ್ಳೆಯದಾಗಿದೆ, ಹೋಗಿ ವಿಚಾರಿಸೋಣ ಎಂದು ನೆರೆಯವರಿಗೆ ಅನ್ನಿಸಬೇಕು’ ಎಂದರು. ಅನ್ನುತ್ತ ಅನ್ನುತ್ತ ಅವರ ಕಣ್ಣು ನನ್ನ ಮೇಲೆ ಬಿತ್ತು. ಪಾಪ, ಒಂದು ಕ್ಷಣ ಮಾತು ತಪ್ಪಿದರು. ಆಮೇಲೆ ಪ್ರಸಂಗ ಮುಗಿಯುವವರೆಗೂ ಹೆಂಗಸರ ಕಡೆಗೇ ತಿರುಗಿ ಮಾತಾಡಿದರು. ನಮ್ಮ ಸಭೆಯವರೆಲ್ಲ ಗುಡವಿಗೆ ಹಕ್ಕಿ ನೋಡಲು ಹೋಗಿದ್ದಾಗಲೂ ಹೀಗೇ ಆಯಿತು. ಕೆರೆಯ ನಡುವಿನ ಮರದಲ್ಲಿ ಸಾವಿರಾರು ಹಕ್ಕಿ ಗಲಾಟೆ ಮಾಡುತ್ತಿರುವಾಗ ಒಂದು ಕೊಕ್ಕರೆ ಮಾತ್ರ ಕತ್ತು ಒಳಗೆಳೆದುಕೊಂಡು ನೀರನ್ನೇ ನೋಡುತ್ತ ಕೂತಿತ್ತು. ಎಲ್ಲರೂ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಮಾರ್ಥಮ್ಮನ ವಿಷಯ ಹೇಳುವುದಕ್ಕೆ. ನಮ್ಮ ಸಭೆ ಶಿಕಾರಿಪುರದಲ್ಲಿದ್ದರೂ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸೊರಬದಲ್ಲಿ ಕೂಟ ನಡೆಸುತ್ತೇವೆ. ಅಲ್ಲಿ ನಮಗೆ ಚರ್ಚಿನ ಕಟ್ಟಡವಿಲ್ಲ. ಸಭೆಯವರೊಬ್ಬರ ಮನೆಯ ಮುಂದಿನ ಹಜಾರವೇ ಆರಾಧನೆಯ ಜಾಗ, ಜಮಖಾನೆಯೇ ಪೀಠ. ಮಾರ್ಥಮ್ಮ ಆ ಕೂಟದ ಆಧಾರ. ಕುಪ್ಪಗಡ್ಡೆಯಲ್ಲಿ ಸರ್ಕಾರಿ ನರ್ಸ್ ಆಗಿದ್ದು, ಸುತ್ತಿನ ಹಳ್ಳಿಗಳಲ್ಲಿ ಅರ್ಧ ಜನರನ್ನು ತಾನೇ ಕೈಹಿಡಿದು ಭೂಮಿಗೆ ಇಳಿಸಿಕೊಂಡು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದವರು. ಗಂಡ ಎಲೀಷ ಮೇಷ್ಟ್ರು ಶಾಲೆಯ ಮಾಸ್ತರರಾಗಿದ್ದವರು, ಮೆಲು ಮಾತಿನವರು. ಕೂಟದಲ್ಲಿ ಮೇಷ್ಟ್ರು ಹಾಡು ಎತ್ತುವುದು, ಮಾರ್ಥಮ್ಮ ತಾಳ ಹಾಕುವುದು. ಅವರ ಕೈಯಲ್ಲಿ ಆ ಎರಡು ಹಿತ್ತಾಳೆಯ ಬಟ್ಟಲು ‘ಝಣ್’ ಎಂದರೆ ತೂಕಡಿಸುತ್ತಿದ್ದವರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಎದುರಿನ ಹೋಟೆಲಿನವರು ಗಿರಾಕಿಗಳಿಗೆ ಟೀ ಕೊಡುವ ಲಯವೂ ಆ ತಾಳಕ್ಕೇ ಹೊಂದಿಕೊಂಡಿತ್ತು ಎಂದು ನನ್ನ ಅನುಮಾನ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಆಮೇಲೆ ಒಂದೆರಡು ಸಲ ಬಂದ ಮಾರ್ಥಮ್ಮ ಬರುವುದನ್ನೇ ನಿಲ್ಲಿಸಿಬಿಟ್ಟರು. ತಾಳವನ್ನು ಯಾರೋ ಬಟ್ಟೆಯಲ್ಲಿ ಸುತ್ತಿ ಹಜಾರದ ಕಿಟಕಿಯಲ್ಲಿ ಇಟ್ಟರು. ಅದಿಲ್ಲದೆ ನಮ್ಮ ಹಾಡು, ಮುಂದಿದ್ದವರು ಒಂದು ದಾರಿ, ಹಿಂದಿದ್ದವರು ಒಂದು ದಾರಿ ಹಿಡಿದು, ಕೊನೆಯ ಚರಣದಲ್ಲಿ ದೇವರ ದಯೆಯಿಂದ ಸಂಧಿಸುವಂತಾಯಿತು. ಯಾಕೆ ಬರುತ್ತಿಲ್ಲ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ತರ್ಕ. ಬಸ್ಸಿನ ಸಮಯ ಬದಲಾಗಿದೆ ಎಂದರು ಒಬ್ಬರು. ಮಂಡಿ ನೋವು ಎಂದರು ಇನ್ನೊಬ್ಬರು. ನಮ್ಮ ಸ್ವಾಗತದಲ್ಲೇ ಏನೋ ಕೊರತೆಯಿದೆ, ಇನ್ನಷ್ಟು ಪ್ರೀತಿಯಿಂದ, ಇನ್ನಷ್ಟು ನಗುನಗುತ್ತ ಎದುರುಗೊಳ್ಳಬೇಕು ಎಂದಳು ಸುಗುಣ. ಅವಳು ಕುಪ್ಪಗಡ್ಡೆಗೆ ಹೋಗಿಯೂ ಬಂದಳು. ಮಾರ್ಥಮ್ಮ ಕಾಫಿ ಕೊಟ್ಟರು, ಮೇಷ್ಟ್ರ ಕುರ್ಚಿ ಒರೆಸಿದರು, ಬೇರೇನೋ ಮಾತಾಡಿದರು. ಸುಗುಣ ಹೊರಡುವಾಗ, ‘ವರ್ಷಕ್ಕೊಂದ್ಸಲದ ಕೃತಜ್ಞತಾ ಆರಾಧನೆಗಾದ್ರೂ ಬನ್ನಿ ಅಕ್ಕಾ’ ಎಂದು ಕೈ ಹಿಡಿದದ್ದಕ್ಕೆ ‘ನೋಡೋಣ’ ಎಂದರಂತೆ. ‘ನೋಡೋಣ ಅಂದ್ರೆ ಬರ್ತಾರೆ ರೀ’ ಎಂದು ಸುಗುಣ ಮನೆಗೆ ಬಂದು ಕಣ್ಣೊರೆಸಿಕೊಂಡಳು. ಈ ಸಲ ಬಾರದಿದ್ದರೆ ಇನ್ನು ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮಲ್ಲಿ ಬಾಗಿಲಿಗೆ ಒಬ್ಬರು ನಿಲ್ಲುವ ಪದ್ಧತಿಯಿದೆ. ಬಂದವರಿಗೆ ಕೈ ಜೋಡಿಸಿ ‘ಸ್ತೋತ್ರ’ ಎಂದು, ಹಾಡಿನ ಪುಸ್ತಕ ಕೊಟ್ಟು, ಒಳಗೆ ಕಳಿಸಬೇಕು. ಮೊದಲಿನಿಂದಲೂ ಇದು ಸ್ಯಾಮ್ಸನ್ನನ ಕೆಲಸ. ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿಯವನು, ದೇವರು ಅವನಿಗೆ ಎಲ್ಲರಿಗಿಂತ ಒಂದೆರಡು ಹಲ್ಲು ಹೆಚ್ಚು ಕೊಟ್ಟಿದ್ದಾನೋ ಎನ್ನುವಂಥ ನಗು. ಅವನು ಗೇಟಿನಲ್ಲಿ ನಕ್ಕರೆ ಒಳಗೆ ಕೂತವರಿಗೂ ಬೆಳಕು ಕಾಣುತ್ತದೆ. ಆ ನಗುವಿಗೆ ಸೋತು ಒಳಗೆ ಬಂದು ಸಭೆಯವರೇ ಆಗಿಹೋದವರೂ ಇದ್ದಾರೆ. ಇಂಥ ಸ್ಯಾಮ್ಸನ್ ಸರಿಯಾಗಿ ಕೃತಜ್ಞತಾ ಆರಾಧನೆಯ ಹೊಸ್ತಿಲಲ್ಲಿ ದವಡೆ ಹಲ್ಲಿನ ಬಾವು ತಂದುಕೊಂಡ. ಕೆನ್ನೆ ಕುಂಬಳಕಾಯಿ. ಆ ವಾರವೇ ಹಲ್ಲು ಕೀಳಿಸಬೇಕು, ಬಾಯಿ ತೆರೆಯಬಾರದು ಎಂದಾಯಿತು. ಸಭೆಯಲ್ಲಿ ಉಳಿದವರಿಗೆಲ್ಲ ಕೆಲಸ ಹಂಚಿಯಾಗಿತ್ತು. ಒಬ್ಬರು ಅಡುಗೆಗೆ, ಒಬ್ಬರು ಮೈಕಿಗೆ, ಒಬ್ಬರು ಚಪ್ಪರಕ್ಕೆ. ಖಾಲಿ ಇದ್ದವನು ನಾನೊಬ್ಬನೇ. ಪಾಸ್ಟರ್ ಸಭೆಯನ್ನೆಲ್ಲ ಕಣ್ಣಿನಲ್ಲಿ ಜಾಲಾಡಿ, ಬೇರೆ ಯಾರೂ ಸಿಗದೆ, ದೊಡ್ಡ ಉಸಿರು ಬಿಟ್ಟು, ‘ಪ್ರಭಾಕರಣ್ಣ ನಿಲ್ಲಲಿ’ ಎಂದರು.

ಮನೆಗೆ ಬರುವವರೆಗೆ ಸುಗುಣ ಮಾತಾಡಲಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ. ‘ಒಂದು ವರ್ಷ ಆದ್ಮೇಲೆ ಮಾರ್ಥಕ್ಕ ಬರ್ತಿದ್ದಾರೆ. ಬಾಗಿಲಲ್ಲಿ ಮೊದಲು ಕಾಣೋದು ನಿಮ್ಮ ಮುಖ! ಗಂಡನ್ನ ಕಳ್ಕೊಂಡಿರೋರು ರೀ, ಪಾಪ, ಅವರಿಗೆ ಮತ್ತೆ ಮಣ್ಣಿನ ದಿನವೇ ನೆನಪಾಗುತ್ತೆ. ಅಲ್ಲಿಂದಲೇ ವಾಪಸ್ ಹೋಗ್ತಾರೆ.’ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾಲಪ್ಪ ಕಣ್ಣೆದುರು ಬಂದ. ಏನೂ ಕಾಯಿಲೆಯಿಲ್ಲದ ಗಟ್ಟಿ ರೈತನನ್ನೇ ಬೆಂಚಿಗೆ ಕೆಡವಿದ ಮುಖ ಇದು. ಹೀಗಾಗಿ ನಾನು ಅರ್ಧ ವಯಸ್ಸು ಕಳೆದ ಮೇಲೆ ನಗು ಕಲಿಯಲು ಕೂತೆ.

ಗುರು ಸುಗುಣ, ಪಾಠಶಾಲೆ ಬಚ್ಚಲಿನ ಕನ್ನಡಿ. ‘ತುಟಿ ಮೇಲೆ ಹೋಗ್ಬೇಕು ರೀ, ಹುಬ್ಬಲ್ಲ’ ಎನ್ನುವಳು. ನಾನು ತುಟಿ ಎತ್ತಿದರೆ ಹುಬ್ಬುಗಳೂ ನಮ್ಮನ್ನು ಬಿಟ್ಟು ಹೋಗಬೇಡ ಎಂದು ಜೊತೆಗೇ ಹೊರಡುತ್ತಿದ್ದವು. ಒಂದು ಬೆಳಿಗ್ಗೆ ಹಾಲು ತರುವ ಗೌರಕ್ಕನಿಗೆ ಬಾಗಿಲು ತೆಗೆದವನು, ಅಭ್ಯಾಸವಾಗಲಿ ಎಂದು ಕಲಿತಷ್ಟು ನಗುವನ್ನೂ ತೋರಿಸಿದೆ. ಆಕೆ ಕ್ಯಾನು ಕೆಳಗಿಟ್ಟು ಒಳಗೆ ಕೂಗಿದಳು, ‘ಅಕ್ಕಾರೆ, ಲಗೂನ ಬರ್ರಿ, ಅಣ್ಣಾರಿಗೆ ಬಾಯಿ ಸೆಟಗೊಂಡತಿ!’ ಸುಗುಣ ಆವತ್ತು ಕಾಫಿ ಕೊಡುವಾಗ ಬಹಳ ಹೊತ್ತು ನನ್ನನ್ನೇ ನೋಡಿ, ‘ತಜ್ಞರ ಹತ್ತಿರ ಹೋಗೋಣ’ ಎಂದಳು.

ತಜ್ಞರೆಂದರೆ ನಮ್ಮ ಬೀದಿಯ ದಸ್ತಗೀರ್ ಸಾಬರು. ಫೋಟೊ ಸ್ಟುಡಿಯೊ ಇಟ್ಟವರು, ಊರಿನ ಅಷ್ಟೂ ಮದುವೆ ಮುಂಜಿಗಳಲ್ಲಿ ಜನರನ್ನು ನಗಿಸಿದವರು. ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಕಜ್ಜಾಯ ಮೊದಲು ಹೋಗುವುದು ಅವರ ಮನೆಗೆ, ರಂಜಾನಿಗೆ ಅವರ ಮನೆಯ ಶಾವಿಗೆ ಪಾಯಸ ಮೊದಲು ಬರುವುದು ನಮ್ಮ ಮನೆಗೆ. ನನ್ನ ಎಲ್ಲ ಫೋಟೊಗಳನ್ನು ತೆಗೆದದ್ದು ಅವರೇ, ಆಧಾರ್ ಕಾರ್ಡಿನದು ಬಿಟ್ಟು. ಆಧಾರ್ ಕಾರ್ಡಿನಲ್ಲಿ ಎಲ್ಲರೂ ನನ್ನ ಹಾಗೆ ಕಾಣುತ್ತಾರಾದ್ದರಿಂದ ಅದೊಂದು ಕಡೆ ನಾನು ಜಗತ್ತಿಗೆ ಸಮ. ನಮ್ಮ ಕಷ್ಟ ಕೇಳಿ ಸಾಬರು ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ‘ಸಾರ್, ಎಲೆಕ್ಷನ್ ಸೋತೋರನ್ನ ನಗಿಸೀನಿ, ಮಗಳನ್ನ ಕಳಿಸಿಕೊಡೋ ಅಪ್ಪಂದಿರನ್ನ ನಗಿಸೀನಿ. ನಿಮ್ದು ಮಾತ್ರ ಬೇರೆ ಕೇಸು. ತುಟಿ ಸುದ್ದಿಗೆ ಹೋಗಬ್ಯಾಡ್ರಿ. ನಗು ಕಣ್ಣಾಗ ಬರಬೇಕು. ನಿಮಗೆ ಭಾಳ ಖುಷಿ ಕೊಡೋದು ಏನೈತಿ, ಅದನ್ನ ನೆನಸ್ರಿ’ ಎಂದರು. ನಾನು ಕಣ್ಣು ಮುಚ್ಚಿ ಸೊರಬದ ಹಜಾರ ನೆನೆದೆ. ಮೇಷ್ಟ್ರು ಹಾಡು ಎತ್ತುತ್ತಾರೆ, ಮಾರ್ಥಮ್ಮನ ತಾಳ ಝಣ್ ಎನ್ನುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಎದೆ ತುಂಬಿ ಬಂತು. ಇದೇ ಸರಿಯಾದ ಗಳಿಗೆ ಎಂದು ಕಣ್ಣು ತೆರೆದು ನಕ್ಕೆ. ಸಾಬರು ಫೋಟೊ ತೆಗೆದರು. ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿ, ದನಿ ತಗ್ಗಿಸಿ, ‘ಯಾರನ್ನ ನೆನಸಿದ್ರಿ ಸಾರ್? ಭಾಳ ಹತ್ರದೋರೇನು?’ ಎಂದು ಕೇಳಿದರು.

ಸುಗುಣ ತಲೆ ಮೇಲೆ ಕೈ ಹೊತ್ತಳು. ಸಾಬರು ಫೀಸು ಬೇಡವೆಂದರು. ಹೊರಡುವಾಗ ಬಾಗಿಲವರೆಗೆ ಬಂದು, ‘ಮುಖ ಅವನು ಕೊಟ್ಟಿದ್ದು, ಅವನೇ ನೋಡ್ಕೊಳ್ತಾನ ಬಿಡ್ರಿ. ಆ ಅಮ್ಮಾರು ಬರ್ಲಿ ಅಂತ ನಾನೂ ದುವಾ ಮಾಡ್ತೀನಿ’ ಎಂದರು. ಆ ಮಾತಿಗೆ ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಅದನ್ನು ಮುಖದಲ್ಲಿ ತೋರಿಸಲು ಹೋಗಿ ಅವರನ್ನು ನೋಯಿಸುವುದು ಬೇಡವೆಂದು ಸುಮ್ಮನೆ ಕೈ ಮುಗಿದು ಬಂದೆ.

ಕೃತಜ್ಞತಾ ಆರಾಧನೆಯ ಭಾನುವಾರ ಪಾಸ್ಟರರ ವ್ಯಾನಿನಲ್ಲಿ ಸೊರಬಕ್ಕೆ ಹೋದೆವು. ದಾರಿಯುದ್ದಕ್ಕೂ ಸುಗುಣ ನನ್ನ ಕೆನ್ನೆಗಳನ್ನು ಆಗಾಗ ಮೇಲಕ್ಕೆ ತಿಕ್ಕುತ್ತಿದ್ದಳು, ಇಸ್ತ್ರಿ ಹಾಕಿದರೆ ನಿಲ್ಲಬಹುದು ಎಂಬಂತೆ. ಹಜಾರದಲ್ಲಿ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಕೃತಜ್ಞತೆಗೆಂದು ತಂದ ಬಾಳೆಗೊನೆ, ಅಕ್ಕಿ, ಸೌತೆಕಾಯಿ, ಒಂದು ಹುಂಜ, ಎಲ್ಲ ಮುಂದೆ ಜೋಡಿಸಿದ್ದರು. ನಾನು ಹಾಡಿನ ಪುಸ್ತಕಗಳ ಕಟ್ಟು ಹಿಡಿದು, ಕಲಿತ ನಗು ಹಾಕಿಕೊಂಡು ಬಾಗಿಲಿಗೆ ನಿಂತೆ. ಮೊದಲು ಬಂದದ್ದು ಆನವಟ್ಟಿ ಕಡೆಯ ಗಂಡ ಹೆಂಡತಿ. ‘ಸ್ತೋತ್ರ’ ಎಂದೆ. ಗಂಡ ಚಪ್ಪಲಿ ಬಿಡುತ್ತಿದ್ದವನು ನಿಂತು, ‘ಸ್ತೋತ್ರ ಬ್ರದರ್. ಮನೇಲಿ ಎಲ್ಲ ಕ್ಷೇಮವಾ?’ ಎಂದು ಮೆಲ್ಲಗೆ ಕೇಳಿದ. ಕ್ಷೇಮ ಎಂದೆ. ಹೆಂಡತಿ ‘ಪಾಪ, ಹೇಳ್ಕೊಳ್ಳಲ್ಲ’ ಎನ್ನುತ್ತ ಒಳಗೆ ಹೋದಳು. ಆಮೇಲೆ ಬಂದ ಹಿರಿಯರೊಬ್ಬರು ಏನೂ ಕೇಳದೆ ನನ್ನ ತಲೆಯ ಮೇಲೆ ಕೈಯಿಟ್ಟು, ಈ ಸಹೋದರನ ಭಾರವನ್ನು ಇಳಿಸು ಕರ್ತನೇ ಎಂದು ಅಲ್ಲೇ ಪ್ರಾರ್ಥನೆ ಮಾಡಿಬಿಟ್ಟರು. ಒಳಗಿನಿಂದ ಸುಗುಣ ಎರಡು ಬೆರಳಿನಿಂದ ತುಟಿ ಹಿಗ್ಗಿಸಿ, ಇನ್ನೂ ಜಾಸ್ತಿ, ಇನ್ನೂ ಜಾಸ್ತಿ ಎಂದು ಸನ್ನೆ ಮಾಡುತ್ತಿದ್ದಳು.

ಮೊದಲ ಹಾಡು ಶುರುವಾಗಿ ದಾರಿ ತಪ್ಪಿತು. ಮಾರ್ಥಮ್ಮ ಬಂದಿರಲಿಲ್ಲ. ಇನ್ನು ಬರುವುದಿಲ್ಲ ಎಂದು ನಾನೂ ಒಳಗೆ ಹೊರಟವನು, ಯಾಕೋ ಗೇಟಿನ ಕಡೆ ನೋಡಿದೆ. ಪೇರಲೆ ಗಿಡದ ಮರೆಯಲ್ಲಿ ಒಂದು ಬಿಳಿ ಸೀರೆ. ಗೇಟಿನ ಚಿಲಕದ ಮೇಲೆ ಕೈಯಿತ್ತು, ಚಿಲಕ ತೆಗೆದಿರಲಿಲ್ಲ. ಒಮ್ಮೆ ಬಸ್ ನಿಲ್ದಾಣದ ಕಡೆ ನೋಡಿದರು, ಒಮ್ಮೆ ಹಜಾರದ ಕಡೆ ನೋಡಿದರು. ಎಷ್ಟು ಸೊರಗಿದ್ದರು! ತಾಳ ಹೊಡೆಯುವಾಗ ಹಜಾರ ತುಂಬುತ್ತಿದ್ದ ಹೆಂಗಸು ಗಿಡದ ಹಿಂದೆ ಅಡಗುವಷ್ಟಾಗಿದ್ದರು. ದೇವರೇ, ಈ ಮುಖ ನೀನೇ ಕೊಟ್ಟದ್ದು, ಈವರೆಗೆ ಒಮ್ಮೆಯೂ ದೂರು ಹೇಳಿಲ್ಲ, ಇದೊಂದು ಗಳಿಗೆಗೆ ಬೇಕಾದರೆ ವಾಪಸ್ ತೆಗೆದುಕೊಂಡು ಸ್ಯಾಮ್ಸನ್ನನದು ಕೊಡು ಎಂದು ಬೇಡಿಕೊಂಡೆ. ಬೇಡಿಕೊಂಡು, ಇದ್ದಬದ್ದ ನಗುವನ್ನೆಲ್ಲ ಒಟ್ಟುಮಾಡಿ, ಸುಗುಣ ಕಲಿಸಿದ್ದು, ಸಾಬರು ಹೇಳಿದ್ದು, ನನ್ನದೇ ಆದದ್ದು, ಎಲ್ಲ ಸೇರಿಸಿ ಜೀವಮಾನದಲ್ಲಿ ನಕ್ಕಿರದಷ್ಟು ದೊಡ್ಡದಾಗಿ ನಕ್ಕೆ.

ಮಾರ್ಥಮ್ಮ ನನ್ನ ಮುಖವನ್ನೇ ನೋಡಿದರು. ಚಿಲಕ ತೆಗೆದರು. ನೇರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ‘ಬಂದೆ ತಮ್ಮಾ’ ಎಂದು ಗಳಗಳನೆ ಅತ್ತುಬಿಟ್ಟರು. ಹಾಡಿನ ಪುಸ್ತಕಗಳು ಕೆಳಗೆ ಬಿದ್ದವು. ನನ್ನ ಕಣ್ಣಿನಲ್ಲೂ ನೀರು ಬಂತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ಸುಗುಣ ದಡಬಡ ಬಂದು, ‘ಏನ್ ಮಾಡಿದ್ರಿ? ಬಂದ ತಕ್ಷಣ ಅಳಿಸಿಬಿಟ್ರಲ್ರೀ!’ ಎಂದು ನನ್ನ ತೋಳು ಜಿಗುಟಿದಳು. ನಕ್ಕೆ ಎಂದೆ. ‘ಅದಕ್ಕೇ’ ಎಂದಳು.

ಆರಾಧನೆಯ ಅರ್ಧದಷ್ಟು ಹೊತ್ತು ಮಾರ್ಥಮ್ಮ ಅಳುತ್ತಲೇ ಇದ್ದರು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಬಾವು ಕಟ್ಟಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಸ್ಯಾಮ್ಸನ್ ಅವರ ಕಡೆ ನಗಲು ನೋಡಿ, ನೋವಾಗಿ ಬಿಟ್ಟ. ಕೃತಜ್ಞತೆ ಹೇಳುವ ಸಮಯ ಬಂತು. ಒಬ್ಬೊಬ್ಬರೇ ಎದ್ದು ಬೆಳೆಗೆ, ಕೆಲಸಕ್ಕೆ, ಮೊಮ್ಮಗುವಿಗೆ ಸ್ತೋತ್ರ ಹೇಳಿ ಕೂತರು. ಹುಂಜ ಕೂಡ ನಡುವೆ ಎರಡು ಸಲ ಕೂಗಿತು. ಆಮೇಲೆ ಪಾಸ್ಟರ್ ಹಾಡು ಎತ್ತಿದರು. ಹಾಡು ಎಂದಿನಂತೆ ಎರಡು ದಾರಿ ಹಿಡಿಯಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅದು ಯಾರಿಗೂ ಸಿಕ್ಕದಂತಾದಾಗ, ಹಿಂದಿನಿಂದ ‘ಅಯ್ಯೋ, ಕೊಡಿ ಇಲ್ಲಿ ಅದನ್ನ’ ಎಂಬ ಗದರಿಕೆ ಕೇಳಿಸಿತು. ತಿರುಗಿ ನೋಡಿದರೆ ಮಾರ್ಥಮ್ಮ ಕಿಟಕಿಯ ಬಟ್ಟೆ ಬಿಚ್ಚುತ್ತಿದ್ದಾರೆ. ಝಣ್ ಎಂದಿತು. ಇಡೀ ಹಜಾರ ಎದ್ದು ನಿಂತಿತು. ಅವರ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ತಾಳ ಮಾತ್ರ ಒಂದೂ ತಪ್ಪಲಿಲ್ಲ. ಅಷ್ಟು ಸಂತೋಷದ ಆರಾಧನೆಯನ್ನು ನಾನು ಬೇರೆ ಕಂಡಿಲ್ಲ. ಸುಗುಣ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಿಂದ ನನ್ನ ಬೆನ್ನಿನ ಮೇಲೇ ಚಪ್ಪಾಳೆ ಹೊಡೆಯುತ್ತಿದ್ದಳು.

ಆಮೇಲೆ ಉಪ್ಪಿಟ್ಟು, ಟೀ. ಮಾರ್ಥಮ್ಮ ಲೋಟ ಹಿಡಿದು ನನ್ನ ಪಕ್ಕದಲ್ಲೇ ಬಂದು ಕೂತರು. ಸುಗುಣ, ಪಾಸ್ಟರ್ ಎದುರಿಗಿದ್ದರು. ‘ಮೇಷ್ಟ್ರು ಹೋದ್ಮೇಲೆ ಎಲ್ರೂ ನಗ್ತಾನೇ ಬಂದ್ರು ಮಾರಾಯಾ’ ಎಂದರು. ‘ಅಳಬೇಡಿ ಸಿಸ್ಟರ್, ಸಂತೋಷಪಡಿ, ಮೇಷ್ಟ್ರು ಸ್ವರ್ಗದಲ್ಲಿ ಇದಾರೆ ಅಂದ್ರು. ಅದು ನಂಗೆ ಗೊತ್ತಿಲ್ವಾ? ಸ್ವರ್ಗದಲ್ಲಿ ಇದಾರೆ, ಸರಿ. ಬೆಳಿಗ್ಗೆ ಎದ್ರೆ ಕುಪ್ಪಗಡ್ಡೆ ಮನೇಲಿ ಇಲ್ವಲ್ಲ. ಇಲ್ಲಿಗೆ ಬಂದ್ರೆ ಬಾಗಿಲಲ್ಲೇ ನಗು. ನಾನೂ ನಗ್ಬೇಕು. ನಂಗೆ ಬರ್ಲಿಲ್ಲ, ಅದಕ್ಕೇ ಬರೋದೇ ಬಿಟ್ಟೆ. ದೇವರ ಮೇಲೆ ಎಂತ ಸಿಟ್ಟೂ ಇರ್ಲಿಲ್ಲ. ಇವತ್ತೂ ಗೇಟಿನ ತನಕ ಬಂದು, ಬೇಡ, ಬಸ್ಸಿಗೆ ಹೋಗೋಣ ಅಂತಿದ್ದೆ. ಆಗ ನಿನ್ನ ಮುಖ ಕಾಣಿಸ್ತು.’ ಅವರು ನನ್ನ ಕೈ ತಟ್ಟಿದರು. ‘ಎಲ್ಲರ ನಡುವೆ ನೀನೊಬ್ಬನೇ ನಗ್ದೇ ನಿಂತಿದ್ದಿ. ಇಷ್ಟು ದುಃಖ ಇರೋ ಮನುಷ್ಯನ್ನ ಬಾಗಿಲಿಗೇ ನಿಲ್ಲಿಸಿದ್ದಾರೆ ಅಂದ್ರೆ, ಇಲ್ಲಿ ಅಳಬಹುದು ಅಂತ ಅನ್ನಿಸ್ತು. ಒಳಗೆ ಬಂದೆ, ಅತ್ತೆ. ಅತ್ತ ಮೇಲೆ ಹಾಡು ತಾನೇ ಬಂತು.’

ಸುಗುಣಳಿಗೆ ಟೀ ನೆತ್ತಿಗೇರಿತು. ಪಾಸ್ಟರ್ ತಮ್ಮ ಲೋಟದ ತಳದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದರು. ನಾನು ನಗುತ್ತಿದ್ದೆ ಅಕ್ಕಾ, ಅಷ್ಟೂ ದಿನ ಕಷ್ಟಪಟ್ಟು ಕಲಿತು ನಕ್ಕದ್ದು ಅದು ಎಂದು ಹೇಳುವುದಾದರೂ ಹೇಗೆ? ವ್ಯಾನಿನಲ್ಲಿ ಹಿಂತಿರುಗುವಾಗ ಪಾಸ್ಟರ್, ‘ಪ್ರಭಾಕರಣ್ಣ, ಇನ್ನು ಮೇಲೆ ಬಾಗಿಲಿಗೆ ನೀವೂ ಸ್ಯಾಮ್ಸನ್ನೂ ಇಬ್ಬರೂ ನಿಲ್ಲಿ. ಆ ಕಡೆ ಒಬ್ಬರು, ಈ ಕಡೆ ಒಬ್ಬರು’ ಎಂದರು. ಬಂದವರು ತಮಗೆ ಹೊಂದುವ ಮುಖ ಆರಿಸಿಕೊಳ್ಳಲಿ ಎಂದು ಅವರ ಅಂದಾಜು. ನನಗೆ ಆ ರಾತ್ರಿ ಊಟ ಸೇರಲಿಲ್ಲ, ಅಷ್ಟು ಸಂತೋಷ. ಈ ಮುಖವನ್ನು ಕೊಟ್ಟದ್ದಕ್ಕೆ ಒಂದು ದಿನವೂ ಸ್ತೋತ್ರ ಹೇಳಿರಲಿಲ್ಲವಲ್ಲ ಎಂದು ಅನ್ನಿಸಿ, ತಟ್ಟೆಯ ಮುಂದೆ ಕೂತು ಹೇಳಿದೆ. ಸುದ್ದಿ ಕೇಳಿ ದಸ್ತಗೀರ್ ಸಾಬರು ನನ್ನ ಆ ಫೋಟೊಗೆ ಚೌಕಟ್ಟು ಹಾಕಿಸಿ ಕೊಟ್ಟರು. ಸುಗುಣ ಅದನ್ನು ಗೋಡೆಗೆ ತೂಗುಹಾಕಲು ಒಪ್ಪಲಿಲ್ಲ. ಬಂದವರು ಮಾಲೆ ಹಾಕಿಬಿಟ್ಟರೆ ಎಂದು ಅವಳ ಹೆದರಿಕೆ.

ಮುಂದಿನ ತಿಂಗಳು ಸೊರಬದ ಬಾಗಿಲಲ್ಲಿ ನಾನು ಕನ್ನಡಿ, ಪಾಠ ಯಾವುದೂ ಇಲ್ಲದೆ ನಿಂತಿದ್ದೆ. ಮಾರ್ಥಮ್ಮ ಎಲ್ಲರಿಗಿಂತ ಮೊದಲೇ ಬಂದರು. ಕೆನ್ನೆ ಸ್ವಲ್ಪ ತುಂಬಿತ್ತು, ಕೈಚೀಲದಲ್ಲಿ ಹುಣಿಸೆಹಣ್ಣು ತಿಕ್ಕಿ ಫಳಫಳ ಹೊಳೆಯಿಸಿದ ತಾಳ ಇತ್ತು. ಅವರನ್ನು ಕಂಡು ನನಗೆ ತಡೆಯಲಾಗದ ಖುಷಿಯಾಗಿ ನಗು ತಾನಾಗಿ ಬಂತು. ಈ ಸಲದ್ದು ಅಪ್ಪಟ ನಗು. ಮಾರ್ಥಮ್ಮ ನನ್ನನ್ನು ನೋಡಿ ನಿಂತರು. ಆ ಕಡೆ ಹಲ್ಲು ಬಿಡುತ್ತಿದ್ದ ಸ್ಯಾಮ್ಸನ್ನನಿಗೆ ಕೈ ಬೀಸಿ, ನನ್ನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ‘ಇನ್ನೂ ಸಮಾಧಾನ ಆಗ್ಲಿಲ್ವಾ ತಮ್ಮಾ? ನಾನು ದಿನಾ ಬೆಳಿಗ್ಗೆ ಎದ್ದವಳೇ ಮೊದಲು ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದೀನಿ. ನಿನ್ನ ದುಃಖ ನೋಡಿ ನನ್ನದು ಮರೆತೇಹೋಗುತ್ತೆ’ ಎಂದರು. ನನಗೆ ಇಲ್ಲದ ದುಃಖಕ್ಕಾಗಿ ಕುಪ್ಪಗಡ್ಡೆಯಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತಿದೆ. ಅದು ನಿಂತುಹೋಗುವಂಥ ಮಾತನ್ನು ಆಡಲು ನನಗೇನು ಹುಚ್ಚೇ? ‘ಇನ್ನೂ ಸ್ವಲ್ಪ ದಿನ ಮಾಡಿ ಅಕ್ಕಾ’ ಎಂದು ಹೇಳಿ, ಹಾಡಿನ ಪುಸ್ತಕ ಕೊಟ್ಟು, ಒಳಗೆ ಕಳಿಸಿದೆ.